ಭಾನುವಾರದ ಖಜಾಂಚಿ

ಮೇ ತಿಂಗಳು ಬಂದರೆ ದೆಹಲಿಯ ಕನ್ನಡಿಗರ ಓಡಾಟ ಕಡಿಮೆಯಾಗುತ್ತದೆ. ಶಾಲೆಗೆ ರಜೆ ಕೊಟ್ಟ ಮಾರನೆಯ ದಿನವೇ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತುವವರು ಹತ್ತುತ್ತಾರೆ. ಉಳಿದವರು ಎಸಿ ಹಾಕಿಕೊಂಡು, ಊರಿಗೆ ಹೋದವರು ವಾಟ್ಸಾಪಿನಲ್ಲಿ ಕಳಿಸುವ ಮಾವಿನಹಣ್ಣಿನ ಫೋಟೊ ನೋಡುತ್ತ ಜುಲೈಗೆ ಕಾಯುತ್ತೇವೆ. ನಾಟಕ, ಗಾಯನ, ಮಕ್ಕಳ ಕನ್ನಡ ತರಗತಿ ಎಲ್ಲವೂ ಮಳೆ ಬಂದ ಮೇಲೆ.

ಇದೇ ಊರಿನಲ್ಲಿ, ಇದೇ ಆರೇಳು ವಾರಗಳಲ್ಲಿ, ಇನ್ನೊಂದು ವಲಸೆ ಸಮುದಾಯಕ್ಕೆ ಬಿಡುವೇ ಇರುವುದಿಲ್ಲ. ಜಾರ್ಖಂಡಿನ ಆದಿವಾಸಿಗಳ ಗೊಸ್ನರ್ ಲೂಥರನ್ ಸಭೆ ಅದು. ಹೆಸರು ಕೇಳಿದರೆ ಯಾವುದೋ ಜರ್ಮನ್ ಸಂಸ್ಥೆ ಅನ್ನಿಸಬಹುದು. ಆದರೆ ಎನ್‌ಸಿಆರ್‌ನಲ್ಲಿರುವ ನಿಮಗೆ ಈ ಸಭೆಯವರು ಯಾರಾದರೂ ಗೊತ್ತಿರುವ ಸಾಧ್ಯತೆ ಬಹಳ. ನಿಮ್ಮ ಮಗುವನ್ನು ಪಾರ್ಕಿಗೆ ಕರೆದೊಯ್ಯುವ ದೀದಿ, ಮೂರನೇ ಮಹಡಿಯ ಅಜ್ಜಿಯನ್ನು ನೋಡಿಕೊಳ್ಳುವ ಹುಡುಗಿ, ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸ್. ಗುಮ್ಲಾ, ಸಿಮ್‌ಡೇಗಾ, ಖೂಂಟಿ ಜಿಲ್ಲೆಗಳಿಂದ ಬಂದವರು.

ನನಗೆ ಈ ಸಭೆಯ ಪರಿಚಯವಾದದ್ದು ಎಕ್ಸೆಲ್ ಮೂಲಕ. ನಮ್ಮ ಮನೆಯಲ್ಲಿ ಅಡುಗೆ ಮಾಡುವ ದೀದಿ ಏಪ್ರಿಲಿನಲ್ಲಿ ಒಂದು ದಿನ ಉದ್ದನೆಯ ನೋಟ್‌ಬುಕ್ ತಂದು, ಇದನ್ನು ಫೋನಿಗೆ ಹಾಕಿಕೊಡುತ್ತೀರಾ ಎಂದು ಕೇಳಿದರು. ತೆರೆದರೆ ಅಚ್ಚುಕಟ್ಟಾದ ಹಿಂದಿ ಅಕ್ಷರ, ಕೆಂಪು ಇಂಕಿನಲ್ಲಿ ಎಳೆದ ಕಾಲಂಗಳು, ಪ್ರತಿ ಪುಟದ ಕೆಳಗೆ ಮುಂದಿನ ಪುಟಕ್ಕೆ ಒಯ್ದ ಶಿಲ್ಕು. ಮಕ್ಕಳ ಬೇಸಿಗೆ ಶಾಲೆಯ ಲೆಕ್ಕ ಅದು. ಅದರ ಖಜಾಂಚಿ ಅವರೇ. ನಮ್ಮ ಟವರಿನಲ್ಲಿ ಮನೆಗೆಲಸದವರು ಬಳಸಬೇಕಾದ ಲಿಫ್ಟ್ ಬೇರೆ ಇದೆ, ಎನ್‌ಸಿಆರ್‌ನ ಬಹಳಷ್ಟು ಸೊಸೈಟಿಗಳಲ್ಲಿ ಇರುವಂತೆ. ವಾರದಲ್ಲಿ ಆರು ದಿನ ಆ ಲಿಫ್ಟಿನಲ್ಲಿ ಬರುವವರಿಗೆ ಏಳನೆಯ ದಿನ ಪಾಸ್ಟರ್ ಎದ್ದು ನಿಂತು ಲೆಕ್ಕ ಒಪ್ಪಿಸುತ್ತಾರೆ.

ಪ್ರಾಟೆಸ್ಟೆಂಟ್ ಚರ್ಚುಗಳಲ್ಲಿ ಬೇಸಿಗೆ ಎಂದರೆ ವಿಬಿಎಸ್, ಅಂದರೆ ವೆಕೇಷನ್ ಬೈಬಲ್ ಸ್ಕೂಲ್. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನ್ಯೂಯಾರ್ಕಿನಲ್ಲಿ, ರಜೆಯಲ್ಲಿ ಬೀದಿ ಸುತ್ತುವ ಬಡ ವಲಸಿಗರ ಮಕ್ಕಳಿಗಾಗಿ ಬೆಳೆದ ಪದ್ಧತಿ ಇದು. ಈಗ ಮಂಗಳೂರಿನಿಂದ ಶಿಲ್ಲಾಂಗ್‌ವರೆಗೆ ಎಲ್ಲ ಕಡೆ ಇದೆ. ಹಾಡು, ಕಥೆ, ಚಿತ್ರ ಬಣ್ಣ ಹಚ್ಚುವುದು, ಆಟ, ಕೊನೆಯ ದಿನ ವೇದಿಕೆ ಕಾರ್ಯಕ್ರಮ. ಸಾಮಾನ್ಯವಾಗಿ ವಾರ, ಹತ್ತು ದಿನ, ಬೆಳಗಿನ ಹೊತ್ತು ನಡೆಯುತ್ತದೆ. ನಾನು ನೋಡಿದ ಈ ಗುಂಪಿನಲ್ಲಿ ಮಾತ್ರ ಮಧ್ಯಾಹ್ನ ಎರಡೂವರೆಯಿಂದ ನಾಲ್ಕೂವರೆ. ದೆಹಲಿಯ ಬೇಸಿಗೆಯಲ್ಲಿ, ಅದೂ ಮಧ್ಯಾಹ್ನ! ಕಾರಣ ಸರಳ. ಪಾಠ ಹೇಳಿಕೊಡುವ ಹೆಂಗಸರು ಬೆಳಗಿನಿಂದ ನಾಲ್ಕು ಮನೆಗಳ ಕೆಲಸ ಮುಗಿಸಿ, ಊಟದ ಪಾತ್ರೆ ತೊಳೆದು, ಸಂಜೆಯ ಚಹಾಕ್ಕೆ ಮತ್ತೆ ಹಾಜರಾಗುವ ಮುನ್ನ ಅವರ ಕೈಯಲ್ಲಿ ಉಳಿಯುವುದು ಆ ಎರಡು ಗಂಟೆ ಮಾತ್ರ. ನಾವೆಲ್ಲ ಪರದೆ ಎಳೆದು ಮಲಗುವ ಹೊತ್ತೇ ಅವರ ಬಿಡುವಿನ ಹೊತ್ತು. ಅದಕ್ಕೇ ಖಜಾಂಚಿಯ ಪುಸ್ತಕದಲ್ಲಿ ಕ್ರೇಯಾನ್, ಬಿಸ್ಕತ್ತಿಗಿಂತ ದೊಡ್ಡ ಖರ್ಚು ಬಾಡಿಗೆ ಕೂಲರಿನದು, ಆಮೇಲೆ ಐಸಿನದು.

2025ರ ಮೇ ತಿಂಗಳು ಕರುಣೆ ತೋರಿಸಿತ್ತು. ದೆಹಲಿಯಲ್ಲಿ ದಾಖಲೆಯ ಮಳೆ ಬಿದ್ದ ಮೇ ಅದು. ಕೂಲರ್ ಸುಮ್ಮನೆ ನಿಂತ ದಿನಗಳೂ ಇದ್ದವು. ಜೂನ್ ಎರಡನೆಯ ವಾರ ಅದಕ್ಕೆಲ್ಲ ಬಡ್ಡಿ ವಸೂಲಾಯಿತು. ಹವಾಮಾನ ಇಲಾಖೆ ಕೆಂಪು ಎಚ್ಚರಿಕೆ ಕೊಟ್ಟಿತು. ಆ ವಾರವೂ ತರಗತಿ ನಿಲ್ಲಲಿಲ್ಲ. ನಿಲ್ಲಿಸಿದರೆ ಮಕ್ಕಳು ಎಲ್ಲಿರಬೇಕು? ಅಪ್ಪ ಅಮ್ಮ ಇಬ್ಬರೂ ಹೊರಗೆ ದುಡಿಯುವ, ತಗಡಿನ ಛಾವಣಿಯ ಒಂದೇ ಕೋಣೆಯ ಮನೆಯಲ್ಲಿ ಬೀಗ ಹಾಕಿಸಿಕೊಂಡು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಈ ಸಭೆಯ ಚರಿತ್ರೆ ಶುರುವಾಗುವುದೇ ವಲಸೆ ಕೂಲಿಗಳಿಂದ. ಬರ್ಲಿನ್ನಿನ ಪಾದ್ರಿ ಯೊಹಾನೆಸ್ ಗೊಸ್ನರ್ ಕಳಿಸಿದ ನಾಲ್ವರು ಯುವಕರು ಕೋಲ್ಕತ್ತಕ್ಕೆ ಬಂದಿಳಿದಾಗ ರಾಂಚಿಯ ಹೆಸರೂ ಅವರಿಗೆ ಗೊತ್ತಿರಲಿಲ್ಲ. ಕೋಲ್ಕತ್ತದ ಬೀದಿಗಳಲ್ಲಿ ದುಡಿಯುತ್ತಿದ್ದ ಆದಿವಾಸಿ ಕೂಲಿಗಳನ್ನು ಕಂಡು, ಇವರು ಎಲ್ಲಿಯವರು ಎಂದು ವಿಚಾರಿಸಿದರು. ಛೋಟಾನಾಗಪುರದವರು ಎಂದು ತಿಳಿದು ಅತ್ತ ಹೊರಟರು ಎಂದು ಸಭೆಯಲ್ಲಿ ಇಂದಿಗೂ ಹೇಳುತ್ತಾರೆ. ರಾಂಚಿ ಮುಟ್ಟಿದ್ದು 1845ರ ನವೆಂಬರ್ 2ರಂದು. ಐದು ವರ್ಷ ಒಬ್ಬರೂ ಸೇರಲಿಲ್ಲ. 1850ರ ಜೂನ್ 9ರಂದು ನಾಲ್ವರು ಉರಾಂವ್ ಗಂಡಸರು ಮೊದಲ ದೀಕ್ಷಾಸ್ನಾನ ಪಡೆದರು. ಮುಂದೆ ಛೋಟಾನಾಗಪುರದ ಜನ ಅಸ್ಸಾಮಿನ ಚಹಾ ತೋಟಗಳಿಗೆ, ಅಂಡಮಾನಿನ ಕಾಡು ಕಡಿಯುವ ಕೆಲಸಕ್ಕೆ ಹೋದಾಗ ಸಭೆಯೂ ಅವರ ಹಿಂದೆ ಹೋಯಿತು. ದೆಹಲಿ ಆ ದಾರಿಯ ಇತ್ತೀಚಿನ ನಿಲ್ದಾಣ.

ನಮ್ಮ ಕಡೆಯವರಿಗೆ ಈ ಕಥೆಯ ಧಾಟಿ ಪರಿಚಿತ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಕೂಡ ಅದೇ ಕಾಲದ್ದು. ಅದರಲ್ಲಿ ಲೂಥರನ್ನರೂ ಇದ್ದರು, ಸ್ವಿಸ್ ರಿಫಾರ್ಮ್ಡ್ ಪಂಥದವರೂ ಇದ್ದರು. ಮೊಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಡಿಸಿದ್ದು, ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದು ನಮಗೆಲ್ಲ ಬಾಯಿಪಾಠ. ಅತ್ತ ರಾಂಚಿಯಲ್ಲಿ ನಾಟ್ರೊಟ್ ಮುಂಡಾರಿಗೆ ಬೈಬಲ್ ತಂದರು, ಫರ್ಡಿನಾಂಡ್ ಹಾನ್ 1900ರಲ್ಲಿ ಕುಡುಖ್ ಭಾಷೆಯ ವ್ಯಾಕರಣ ಪ್ರಕಟಿಸಿದರು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳನ್ನು ಬ್ರಿಟಿಷರು ಬಂಧನಕ್ಕೊಳಪಡಿಸಿ ಹೊರಗೆ ಕಳಿಸಿದಾಗ ಎರಡೂ ಕಡೆ ಒಂದೇ ಪೆಟ್ಟು. ಮಂಗಳೂರಿನ ಹೆಂಚಿನ ಕಾರ್ಖಾನೆಗಳು ಬೇರೆ ಕೈಗೆ ಹೋದವು. ರಾಂಚಿಯವರು ಮಾತ್ರ 1919ರ ಜುಲೈ 10ರಂದು, ಇನ್ನು ನಮ್ಮ ಸಭೆಯನ್ನು ನಾವೇ ನಡೆಸುತ್ತೇವೆ ಎಂದು ಘೋಷಿಸಿಬಿಟ್ಟರು. ದೇಶಕ್ಕೆ ಸ್ವಾತಂತ್ರ್ಯ ಬರುವ 28 ವರ್ಷ ಮುಂಚೆ ಆದಿವಾಸಿಗಳು ಮಾಡಿದ ಈ ಕೆಲಸ ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಸಾಲಾದರೂ ಇರಬೇಕಿತ್ತು ಎಂದು ನನ್ನ ಅಭಿಪ್ರಾಯ.

ಹಾಗಾಗಿ ಈ ಸಭೆಯ ಬೇಸಿಗೆಗೆ ಅದರದೇ ಪಂಚಾಂಗವಿದೆ. 2025ರಲ್ಲಿ ಪೆಂತೆಕೊಸ್ತ್ ಹಬ್ಬ ಜೂನ್ 8ರ ಭಾನುವಾರ ಬಿತ್ತು, ಮಾರನೆಯ ದಿನವೇ ಮೊದಲ ದೀಕ್ಷಾಸ್ನಾನದ ನೆನಪು. ಜುಲೈ 10ಕ್ಕೆ ಸ್ವಾಯತ್ತ ದಿನ. ನಡುವೆ ಹದಿಹರೆಯದವರಿಗೆ ದೃಢೀಕರಣದ ತರಗತಿ. ಮಾರ್ಟಿನ್ ಲೂಥರ್ 1529ರಲ್ಲಿ ಬರೆದ ಪ್ರಶ್ನೋತ್ತರದ ಚಿಕ್ಕ ಪುಸ್ತಕವನ್ನು ಹಿಂದಿಯಲ್ಲಿ ಬಾಯಿಪಾಠ ಮಾಡಬೇಕು. ಆ ಪುಸ್ತಕದ ಬಗ್ಗೆ ಓದುತ್ತಿದ್ದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಮನೆಯ ಯಜಮಾನ ತನ್ನ ಮನೆಮಂದಿಗೆ, ಆಳುಕಾಳುಗಳಿಗೆ ಹೇಳಿಕೊಡಲಿ ಎಂದು ಲೂಥರ್ ಅದನ್ನು ಬರೆದದ್ದಂತೆ. ಇಲ್ಲಿ ಬೇರೆಯವರ ಮನೆಯಲ್ಲಿ ದುಡಿಯುವವರೇ ಅದರ ಮೇಷ್ಟರು.

ಆರಾಧನೆ ಹಿಂದಿಯಲ್ಲಿ. ಕಟ್ಟಡ ಬೇರೊಂದು ಚರ್ಚಿನದು, ಅವರ ಇಂಗ್ಲಿಷ್ ಆರಾಧನೆ ಮುಗಿದ ಮೇಲೆ ಇವರ ಸರದಿ. ದೆಹಲಿಯ ಹಲವು ಭಾಷೆಗಳ ಸಭೆಗಳು ಹೀಗೆ ಒಂದೇ ಸೂರನ್ನು ಗಂಟೆಗಳ ಲೆಕ್ಕದಲ್ಲಿ ಹಂಚಿಕೊಳ್ಳುತ್ತವೆ. ಪ್ರಾರ್ಥನೆ ಮುಗಿದು ಅಂಗಳಕ್ಕೆ ಬಂದ ಕೂಡಲೇ ಮಾತು ಸಾದ್ರಿಗೆ ತಿರುಗುತ್ತದೆ. ಚಹಾದ ಲೋಟ ಹಿಡಿದು ನಿಂತ ಆ ಅರ್ಧ ಗಂಟೆ ನನಗೆ ಪ್ರಸಂಗಕ್ಕಿಂತ ಮುಖ್ಯವಾಗಿ ಕಂಡಿತು (ಪಾಸ್ಟರ್ ಕ್ಷಮಿಸಲಿ). ಯಾವ ಸೆಕ್ಟರಿನಲ್ಲಿ ಬಾಡಿಗೆ ಕೋಣೆ ಖಾಲಿ ಇದೆ, ಯಾರ ಮೇಡಂ ಸಂಬಳ ಹಿಡಿದಿಟ್ಟಿದ್ದಾರೆ, ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ಯಾವ ದಿನ ಹೋಗಬೇಕು, ಎಲ್ಲ ಅಲ್ಲಿ ವಿಲೇವಾರಿ.

ಇನ್ನೊಂದು ಕೆಲಸವೂ ಅಲ್ಲೇ ನಡೆಯುತ್ತದೆ. ಹಿರಿಯರೊಬ್ಬರು ಹಾಜರಿ ಪುಸ್ತಕ ಇಟ್ಟಿದ್ದಾರೆ. ಮನೆಯಲ್ಲೇ ಉಳಿದು ಕೆಲಸ ಮಾಡುವ ಹುಡುಗಿಯರ ಹೆಸರಿನ ಮುಂದೆ ಅವರು ಬೇರೆ ಗುರುತು ಹಾಕುತ್ತಾರೆ. ಮೂರು ಭಾನುವಾರ ಸತತವಾಗಿ ಬರದಿದ್ದರೆ ಫೋನ್ ಮಾಡುತ್ತಾರೆ. ಫೋನ್ ಎತ್ತದಿದ್ದರೆ ಇಬ್ಬರು ಹೋಗಿ ಗೇಟಿನಲ್ಲಿ ವಿಚಾರಿಸುತ್ತಾರೆ. ಏಜೆಂಟರ ಮೂಲಕ ಬಂದ ಹುಡುಗಿಗೆ ತಾನಿರುವ ಮನೆಯ ವಿಳಾಸವೇ ಗೊತ್ತಿಲ್ಲದಿರುವುದು ಉಂಟು. ಇಂಥ ಪ್ಲೇಸ್‌ಮೆಂಟ್ ಏಜೆನ್ಸಿಗಳು ನೋಂದಾಯಿಸಿಕೊಳ್ಳಬೇಕೆಂದು ದೆಹಲಿ ಸರ್ಕಾರ 2014ರಲ್ಲೇ ಆದೇಶ ಹೊರಡಿಸಿದೆ. ಆದರೂ ಆ ಹಿರಿಯರ ಹಾಜರಿ ಪುಸ್ತಕಕ್ಕೆ ಇನ್ನೂ ಕೆಲಸವಿದೆ.

ಬೇಸಿಗೆಯಲ್ಲಿ ಗೈರುಹಾಜರಿ ಹೆಚ್ಚು. ಮಾಲೀಕರ ಮಕ್ಕಳಿಗೆ ರಜೆ, ಮನೆ ತುಂಬ ನೆಂಟರು, ‘ಈ ಭಾನುವಾರ ಒಂದು ದಿನ ಇದ್ದುಬಿಡು’ ಎಂಬ ಮಾತು. ಅದು ಒಂದು ದಿನಕ್ಕೆ ಮುಗಿಯುವುದಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2011ರ ಒಡಂಬಡಿಕೆ, ಮನೆಗೆಲಸದವರಿಗೆ ವಾರಕ್ಕೆ ಸತತ 24 ಗಂಟೆ ಬಿಡುವು ಇರಬೇಕು ಎನ್ನುತ್ತದೆ. ಭಾರತ ಅದರ ಪರವಾಗಿ ಮತ ಹಾಕಿ ಬಂದು ಸ್ಥಿರೀಕರಿಸದೆ ಸುಮ್ಮನಾಯಿತು. ನಮ್ಮ ಕರ್ನಾಟಕ 2004ರಲ್ಲೇ ಮನೆಗೆಲಸಕ್ಕೆ ಕನಿಷ್ಠ ವೇತನ ನಿಗದಿ ಮಾಡಿದ ರಾಜ್ಯ ಎಂದು ನಾವು ಇಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳಬಹುದು. ಹಾಗೆ ಹೇಳುವ ಎಷ್ಟು ಮನೆಗಳಲ್ಲಿ ಭಾನುವಾರದ ರಜೆ ಇದೆ ಎಂಬುದು ಅವರವರಿಗೇ ಗೊತ್ತು.

ಊರಿಗೆ ಹೋಗುವ ವಿಷಯದಲ್ಲೂ ಹಾಗೆಯೇ. ನಾವು ಊರಿಗೆ ಹೋಗುವುದು ಮೇ ತಿಂಗಳಲ್ಲಿ, ಹಾಗಾಗಿ ಆಗಲೇ ನೀನೂ ಹೋಗಿ ಬಾ ಎನ್ನುತ್ತೇವೆ. ಅವರಿಗೆ ಬೇಕಾದದ್ದು ಜೂನ್ ಕೊನೆ. ಛೋಟಾನಾಗಪುರಕ್ಕೆ ಮುಂಗಾರು ಬರುವುದು ಜೂನ್ ಮಧ್ಯದ ಮೇಲೆ, ಭತ್ತದ ಕೆಲಸಕ್ಕೆ ಆಳು ಬೇಕಾಗುವುದು ಆಗ. ನಮ್ಮದು ಮಾವಿನ ಲೆಕ್ಕ, ಅವರದು ಭತ್ತದ ಲೆಕ್ಕ. ಆನಂದ ವಿಹಾರದಿಂದ ಹೊರಡುವ ಝಾರ್ಖಂಡ್ ಸ್ವರ್ಣಜಯಂತಿ ಎಕ್ಸ್‌ಪ್ರೆಸ್ಸಿನ ಟಿಕೆಟ್ ಯಾವ ತಾರೀಕಿಗೆ ಎಂಬುದು ಹೊಲದಲ್ಲಲ್ಲ, ನಮ್ಮ ಡೈನಿಂಗ್ ಟೇಬಲ್ಲಿನಲ್ಲಿ ತೀರ್ಮಾನವಾಗುತ್ತದೆ.

ಭಾಷೆಯ ಮಾತು ಬಿಟ್ಟರೆ ಈ ಬರಹ ಅಪೂರ್ಣ, ಏಕೆಂದರೆ ಅಲ್ಲಿ ನಾನು ಹೆಚ್ಚು ಹೊತ್ತು ಕಳೆದದ್ದು ಅದರ ಮೇಲೆಯೇ. ಉರಾಂವರ ಕುಡುಖ್ ನಮ್ಮ ದ್ರಾವಿಡ ಬಳಗದ ಭಾಷೆ. 2011ರ ಜನಗಣತಿಯಂತೆ ಸುಮಾರು 20 ಲಕ್ಷ ಜನ ಆಡುತ್ತಾರೆ. ತಮ್ಮ ಪೂರ್ವಿಕರು ಕರ್ನಾಟಕದ ಕಡೆಯಿಂದ ನರ್ಮದೆಯ ಗುಂಟ ಮೇಲೆ ಬಂದವರು ಎಂಬ ಐತಿಹ್ಯ ಅವರಲ್ಲಿದೆ. ಗ್ರಿಯರ್ಸನ್ನರ ಭಾಷಾ ಸಮೀಕ್ಷೆಯಲ್ಲೂ ಅದು ದಾಖಲಾಗಿದೆ. ಐತಿಹ್ಯವನ್ನು ಚರಿತ್ರೆ ಎನ್ನಲಾಗದು. ಆದರೆ ಶಬ್ದಗಳು ಸುಳ್ಳು ಹೇಳುವುದಿಲ್ಲ. ಕಣ್ಣಿಗೆ ‘ಖನ್ನ್’. ಹಲ್ಲಿಗೆ ‘ಪಲ್ಲ್’, ಥೇಟ್ ಹಳಗನ್ನಡ. ನೀನು ಎನ್ನಲು ‘ನೀನ್’. ನನ್ನ ಮಗಳಿಗೆ ಅತಿ ಹೆಚ್ಚು ನಗು ತಂದದ್ದು ‘ಏನ್’. ನಮಗೆ ಅದು ಪ್ರಶ್ನೆ, ಅವರಿಗೆ ಅದು ‘ನಾನು’. ಇಷ್ಟು ವರ್ಷ ನಮ್ಮ ಅಡುಗೆಮನೆಯಲ್ಲಿ ನಾವಿಬ್ಬರೂ ಮಾತಾಡಿಕೊಂಡದ್ದು ಹಿಂದಿಯಲ್ಲಿ, ಇಬ್ಬರದೂ ಅಲ್ಲದ ಭಾಷೆಯಲ್ಲಿ.

ಆದರೆ ವಿಬಿಎಸ್‌ಗೆ ಬರುವ ಮಕ್ಕಳಲ್ಲಿ ಕುಡುಖ್, ಮುಂಡಾರಿ ಬಲ್ಲವರು ತೀರ ಕಡಿಮೆ. ಅಜ್ಜಿ ಫೋನಿನಲ್ಲಿ ಕುಡುಖ್‌ನಲ್ಲಿ ಕೇಳಿದರೆ ಉತ್ತರ ದೆಹಲಿ ಹಿಂದಿಯಲ್ಲಿ ಬರುತ್ತದೆ. ನಮ್ಮ ಮನೆಗಳಲ್ಲಿ ನಡೆಯುವುದೂ ಇದೇ ಅಲ್ಲವೇ? ಒಂದೇ ವ್ಯತ್ಯಾಸವೆಂದರೆ ಅವರಲ್ಲಿ ಹಾಡು ಉಳಿದಿದೆ. ಸಮಾರೋಪದ ದಿನ ಪ್ರತಿ ತರಗತಿಯವರೂ ಒಂದು ಕುಡುಖ್ ಅಥವಾ ಮುಂಡಾರಿ ಹಾಡು ಹಾಡಲೇಬೇಕು ಎಂಬ ನಿಯಮ ಮಾಡಿಕೊಂಡಿದ್ದಾರೆ. ಅರ್ಥ ಗೊತ್ತಿಲ್ಲದ ಮಕ್ಕಳು ದೇವನಾಗರಿಯಲ್ಲಿ ಬರೆದುಕೊಂಡು ಹಾಡುತ್ತಾರೆ, ಕೈ ಕೈ ಹಿಡಿದು ಹೆಜ್ಜೆ ಹಾಕುತ್ತಾರೆ. ತಪ್ಪು ಉಚ್ಚಾರ ಕೇಳಿದಾಗಲೆಲ್ಲ ಹಿಂದಿನ ಸಾಲಿನ ಹೆಂಗಸರಿಂದ ಸಾಮೂಹಿಕ ತಿದ್ದುಪಡಿ. ನಮ್ಮ ರಾಜ್ಯೋತ್ಸವದಲ್ಲಿ ಮಕ್ಕಳು ಇಂಗ್ಲಿಷ್ ಲಿಪಿಯಲ್ಲಿ ಬರೆದುಕೊಂಡು ಕನ್ನಡ ಹಾಡುವುದನ್ನು ಕಂಡು ಮೂಗು ಮುರಿಯುವವರು ಇದನ್ನೊಮ್ಮೆ ನೋಡಬೇಕು. ಹಾಗಾದರೂ ಹಾಡಲಿ ಎಂಬ ಪಕ್ಷಕ್ಕೆ ನಾನು ಸೇರಿದ್ದೇನೆ.

ಜುಲೈ 1ಕ್ಕೆ ದೆಹಲಿಯ ಶಾಲೆಗಳು ತೆರೆದವು. ಸ್ವಾಯತ್ತ ದಿನ 2025ರಲ್ಲಿ ಗುರುವಾರ ಬಿತ್ತು. ಗುರುವಾರ ಇಲ್ಲಿ ಯಾರಿಗೂ ರಜೆ ಸಿಗುವುದಿಲ್ಲವಾದ್ದರಿಂದ ಆಚರಣೆಯನ್ನು 13ರ ಭಾನುವಾರಕ್ಕೆ ಹಾಕಿದರು. ಅಷ್ಟರೊಳಗೆ ಬೇಸಿಗೆ ಶಾಲೆಯ ಲೆಕ್ಕ ಸಭೆಯ ಮುಂದೆ ಬರಬೇಕು. ಶೀಟು ಈಗ ದೀದಿಯ ಫೋನಿನಲ್ಲಿದೆ. ನೋಟ್‌ಬುಕ್ಕನ್ನೂ ಅವರು ಬಿಟ್ಟಿಲ್ಲ, ಎರಡೂ ಕೊನೆಯ ರೂಪಾಯಿವರೆಗೆ ತಾಳೆಯಾಗಿವೆ. ಲೆಕ್ಕ ಪರಿಶೋಧಕರು ಇಬ್ಬರು, ಒಬ್ಬರು ಕಾರ್ ಡ್ರೈವರ್, ಇನ್ನೊಬ್ಬರು ನರ್ಸ್. ಜೂನ್ ಎರಡನೆಯ ವಾರದ ಐಸಿನ ಒಂದು ರಸೀದಿ ಸಿಕ್ಕಿಲ್ಲ. ಐಸಿನವನು ರಸೀದಿ ಕೊಡುವುದೇ ಇಲ್ಲ ಎಂದು ದೀದಿ ಎಷ್ಟು ಹೇಳಿದರೂ ನರ್ಸಮ್ಮ ಒಪ್ಪಿಲ್ಲ. ಅವನಿಂದ ಒಂದು ಚೀಟಿಯಾದರೂ ಬರೆಸಿ ತರುವ ತನಕ ಸಹಿ ಇಲ್ಲವಂತೆ.