ಹೊರರೋಗಿ ಚಿಕಿತ್ಸೆಯ ವೆಚ್ಚ ಮತ್ತು ಆರೋಗ್ಯ ವಿಮೆ

ಆಸ್ಪತ್ರೆಗೆ ದಾಖಲಾಗದೆ ವೈದ್ಯರನ್ನು ಕಂಡು, ಸಲಹೆ, ಪರೀಕ್ಷೆ ಹಾಗೂ ಔಷಧಗಳನ್ನು ಪಡೆದು ಮನೆಗೆ ಮರಳುವ ಚಿಕಿತ್ಸೆಗೆ ಹೊರರೋಗಿ ಚಿಕಿತ್ಸೆ ಎಂದು ಹೆಸರು. ಭಾರತದಲ್ಲಿ ಖಾಸಗಿ ವೈದ್ಯರ ಬಳಿಗೆ ಹೋಗುವವರಲ್ಲಿ ಬಹುಪಾಲು ಜನರು ಇದಕ್ಕೆ ತಮ್ಮ ಕೈಯಿಂದಲೇ ಹಣ ತೆರುತ್ತಾರೆ. ಆರೋಗ್ಯ ವಿಮೆ ಉಳ್ಳವರೂ ಇದಕ್ಕೆ ಹೊರತಲ್ಲ. ಇಲ್ಲಿನ ಹೆಚ್ಚಿನ ಪಾಲಿಸಿಗಳು ಆಸ್ಪತ್ರೆವಾಸದ ವೆಚ್ಚವನ್ನು ಮಾತ್ರ ಭರಿಸುತ್ತವೆ. ಈ ಸಂಗತಿ ಅನೇಕರಿಗೆ ತಿಳಿಯುವುದು ಬಿಲ್ಲು ಕೈಗೆ ಬಂದ ಮೇಲೆಯೇ.

ಪಾಲಿಸಿಗಳ ವ್ಯಾಪ್ತಿ

ಸಾಮಾನ್ಯ ಪಾಲಿಸಿಯಲ್ಲಿ ರೋಗಿಯು ಕನಿಷ್ಠ 24 ಗಂಟೆಗಳ ಕಾಲ ಒಳರೋಗಿಯಾಗಿರಬೇಕೆಂಬುದು ಮೂಲ ನಿಬಂಧನೆ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ, ಡಯಾಲಿಸಿಸ್ ಮುಂತಾದವುಗಳಿಗೆ ವಿನಾಯಿತಿಯುಂಟು. ದಾಖಲಾತಿಯ ಹಿಂದಿನ ಮತ್ತು ಮುಂದಿನ ಕೆಲವು ದಿನಗಳ ವೈದ್ಯರ ಶುಲ್ಕ, ಪರೀಕ್ಷೆ, ಔಷಧಗಳೂ ವಿಮೆಯ ವ್ಯಾಪ್ತಿಗೆ ಸೇರುತ್ತವೆ. ವಿಮಾ ನಿಯಂತ್ರಣ ಪ್ರಾಧಿಕಾರವು 2020ರಲ್ಲಿ ಜಾರಿಗೆ ತಂದ 'ಆರೋಗ್ಯ ಸಂಜೀವನಿ' ಎಂಬ ಏಕರೂಪದ ಪಾಲಿಸಿಯಲ್ಲಿ ಈ ಅವಧಿ ಕ್ರಮವಾಗಿ 30 ಮತ್ತು 60 ದಿನಗಳು. (ಹೆಸರಿನಲ್ಲಿ ಹೋಲಿಕೆಯಿದ್ದರೂ ರಾಜ್ಯ ಸರ್ಕಾರಿ ನೌಕರರ 'ಕರ್ನಾಟಕ ಆರೋಗ್ಯ ಸಂಜೀವಿನಿ' ಯೋಜನೆ ಬೇರೆ.) ಆದ್ದರಿಂದ ಒಬ್ಬರೇ ವೈದ್ಯರಿಗೆ ಕೊಟ್ಟ ಒಂದೇ ಮೊತ್ತದ ಶುಲ್ಕವು, ರೋಗಿ ಬಳಿಕ ಆಸ್ಪತ್ರೆ ಸೇರಿದರೆ ಮರಳಿ ಬರುತ್ತದೆ, ಗುಳಿಗೆಯಿಂದಲೇ ಗುಣವಾದರೆ ಬರುವುದಿಲ್ಲ.

ವಿಮಾ ತತ್ತ್ವ

ಈ ಏರ್ಪಾಡು ವಿಚಿತ್ರವೆನಿಸಿದರೂ ಅದರ ಹಿಂದೆ ತರ್ಕವಿದೆ. ಯಾರಿಗೆ, ಯಾವಾಗ ಬರುವುದೋ ತಿಳಿಯದ ದೊಡ್ಡ ನಷ್ಟವನ್ನು ಹಲವರು ಸೇರಿ ಹಂಚಿಕೊಳ್ಳುವುದೇ ವಿಮೆ. ಸಾವಿರ ಮಂದಿಯಲ್ಲಿ ಕೆಲವರಿಗಷ್ಟೇ ಹೃದಯದ ಶಸ್ತ್ರಚಿಕಿತ್ಸೆ ಬೇಕಾದೀತು. ವರ್ಷದಲ್ಲಿ ಒಮ್ಮೆಯಾದರೂ ವೈದ್ಯರ ಬಾಗಿಲಿಗೆ ಹೋಗದವರು ವಿರಳ. ಎಲ್ಲರೂ ಹಣ ಕೇಳುವಲ್ಲಿ ಹಂಚಿಕೆಗೆ ಅವಕಾಶವೇ ಕಡಿಮೆ. ಅಲ್ಲಿ ವಿಮಾ ಕಂತು, ಮರಳಿ ಬರುವ ಹಣದ ಜೊತೆಗೆ ಕಂಪನಿಯ ಆಡಳಿತ ವೆಚ್ಚ ಮತ್ತು ಲಾಭವನ್ನೂ ಒಳಗೊಳ್ಳಬೇಕಾಗುತ್ತದೆ. ಮುನ್ನೂರು ರೂಪಾಯಿಯ ಚೀಟಿಯನ್ನು ಪರಿಶೀಲಿಸುವ ಶ್ರಮವೂ ಮೂರು ಲಕ್ಷದ ಬಿಲ್ಲಿನ ಶ್ರಮಕ್ಕಿಂತ ಬಹಳ ಕಡಿಮೆಯೇನಲ್ಲ. ಹೊರರೋಗಿ ವೆಚ್ಚವನ್ನೂ ಸೇರಿಸಿದ ಪಾಲಿಸಿಗಳು ಮಾರುಕಟ್ಟೆಯಲ್ಲಿವೆ. ಅವುಗಳನ್ನು ಕೊಳ್ಳುವಾಗ ಹೆಚ್ಚುವರಿ ಕಂತನ್ನೂ ವರ್ಷಕ್ಕೆ ದೊರೆಯುವ ಗರಿಷ್ಠ ಮೊತ್ತವನ್ನೂ ಅಕ್ಕಪಕ್ಕ ಬರೆದು ನೋಡುವುದು ಅವಶ್ಯ. 5,000 ರೂಪಾಯಿಯ ಮಿತಿಗೆ 4,000 ರೂಪಾಯಿ ಕಟ್ಟುವುದಾದರೆ ಅದನ್ನು ವಿಮೆ ಎನ್ನುವುದಕ್ಕಿಂತ ಮುಂಗಡ ಪಾವತಿ ಎನ್ನುವುದೇ ಸರಿ.

ಕೈಯಿಂದ ತೆರುವುದರ ಪರಿಣಾಮ

ಮೇಲಿನ ತರ್ಕವು ಆರೋಗ್ಯವಂತನಿಗೆ ಹೊಂದುವಷ್ಟು ದೀರ್ಘಕಾಲದ ರೋಗಿಗೆ ಹೊಂದುವುದಿಲ್ಲ. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡವಿರುವ ಹಿರಿಯರೊಬ್ಬರು ಎರಡು ತಿಂಗಳಿಗೊಮ್ಮೆ ವೈದ್ಯರಿಗೆ 500 ರೂಪಾಯಿ, ಪ್ರತಿ ತಿಂಗಳೂ ಔಷಧಕ್ಕೆ 1,200 ರೂಪಾಯಿ, ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ 800 ರೂಪಾಯಿ ಕೊಡುತ್ತಾರೆಂದು ಭಾವಿಸೋಣ. ವರ್ಷದ ಮೊತ್ತ 20,600 ರೂಪಾಯಿ. ಇದರಲ್ಲಿ ವೈದ್ಯರ ಶುಲ್ಕ ಕೇವಲ 3,000. ಔಷಧದ ಪಾಲು 14,400. ಒಂದು ದಿನವೂ ಆಸ್ಪತ್ರೆಯಲ್ಲಿ ಮಲಗದ ಇವರಿಗೆ ಐದು ಲಕ್ಷದ ಪಾಲಿಸಿಯಿಂದ ಆ ವರ್ಷ ಬಿಡಿಗಾಸೂ ಬರುವುದಿಲ್ಲ. ಹಣದ ಮುಗ್ಗಟ್ಟಿನಲ್ಲಿ ಮೊದಲು ನಿಲ್ಲುವುದು ನೋವಿಲ್ಲದ ರೋಗದ ಗುಳಿಗೆ. ಹಾಗೆ ನಿಲ್ಲಿಸಿದ್ದು ಮುಂದೆ ಪಾರ್ಶ್ವವಾಯುವಿಗೋ ಮೂತ್ರಪಿಂಡದ ವೈಫಲ್ಯಕ್ಕೋ ಕಾರಣವಾದಾಗ ವಿಮೆ ನೆರವಿಗೆ ಬರುತ್ತದೆ!

ಅಮೆರಿಕದಲ್ಲಿ 1974ರಿಂದ 1982ರವರೆಗೆ ರ‍್ಯಾಂಡ್ ಸಂಸ್ಥೆ ನಡೆಸಿದ ಪ್ರಸಿದ್ಧ ಪ್ರಯೋಗವು ಈ ಪ್ರಶ್ನೆಯ ಎರಡೂ ಮುಖಗಳನ್ನು ತೋರಿಸಿತು. ಚಿಕಿತ್ಸೆ ಪೂರ್ಣ ಉಚಿತವಾಗಿದ್ದವರು ಉಳಿದವರಿಗಿಂತ ಹೆಚ್ಚು ಸಲ ವೈದ್ಯರನ್ನು ಕಂಡರು. ಆದರೂ ಸರಾಸರಿ ಆರೋಗ್ಯದಲ್ಲಿ ಗಮನಾರ್ಹ ವ್ಯತ್ಯಾಸವಾಗಲಿಲ್ಲ. ರಕ್ತದೊತ್ತಡವಿದ್ದ ಬಡವರಿಗೆ ಮಾತ್ರ ಉಚಿತ ಚಿಕಿತ್ಸೆಯಿಂದ ಸ್ಪಷ್ಟ ಪ್ರಯೋಜನವಾಯಿತು. ಸರಾಸರಿಯನ್ನಷ್ಟೇ ಉದ್ಧರಿಸುವವರು ಈ ಕೊನೆಯ ಮಾತನ್ನು ಬಿಡುವುದುಂಟು.

ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರಗಳ ಪ್ರಕಾರ, ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಕುಟುಂಬಗಳು ನೇರವಾಗಿ ತೆತ್ತ ಪಾಲು 2013-14ರಲ್ಲಿ ಶೇ. 64.2 ಇದ್ದು, 2021-22ರಲ್ಲಿ ಶೇ. 39.4ಕ್ಕೆ ಇಳಿದಿದೆ.

ಸಾರ್ವಜನಿಕ ಯೋಜನೆಗಳು

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಯೋಜನೆಯು ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಆಸ್ಪತ್ರೆ ವೆಚ್ಚವನ್ನು ಭರಿಸುತ್ತದೆ. ಸಾಮಾನ್ಯ ಹೊರರೋಗಿ ಚಿಕಿತ್ಸೆ ಅದರಲ್ಲಿಲ್ಲ. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಕಾರ್ಯಾರಂಭ ಮಾಡಿದ ಕರ್ನಾಟಕದ ಯಶಸ್ವಿನಿ ಯೋಜನೆಯೂ ಮುಖ್ಯವಾಗಿ ಶಸ್ತ್ರಚಿಕಿತ್ಸೆಗೆ ಮೀಸಲು. ಹೊರರೋಗಿ ಚಿಕಿತ್ಸೆಯನ್ನೂ ಒಳಗೊಂಡ ಹಳೆಯ ವ್ಯವಸ್ಥೆಯೆಂದರೆ 1952ರಲ್ಲಿ ಕಾನ್ಪುರ ಮತ್ತು ದೆಹಲಿಯಲ್ಲಿ ಮೊದಲುಗೊಂಡ ನೌಕರರ ರಾಜ್ಯ ವಿಮೆ, ಅಂದರೆ ಜನರ ಬಾಯಲ್ಲಿರುವ ಇ.ಎಸ್.ಐ. ಇದರಲ್ಲಿ ನೌಕರನ ವಂತಿಗೆ ವೇತನದ ಶೇ. 0.75, ಮಾಲೀಕರದು ಶೇ. 3.25. ಮಾಸಿಕ ವೇತನ 21,000 ರೂಪಾಯಿ ಮೀರಿದವರು ಸಾಮಾನ್ಯವಾಗಿ ಇದರ ಹೊರಗೆ. ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ 2022ರ ಡಿಸೆಂಬರಿನಲ್ಲಿ ಕರ್ನಾಟಕದ ನಗರಗಳಲ್ಲಿ ತೆರೆದ 'ನಮ್ಮ ಕ್ಲಿನಿಕ್'ಗಳಿಗೂ ವಿಮೆಯ ಗೊಡವೆಯೇ ಇಲ್ಲ. ಅಲ್ಲಿ ಸಲಹೆ ಮತ್ತು ಲಭ್ಯವಿರುವ ಔಷಧಗಳು ಉಚಿತ.

ತೆರಿಗೆ

1961ರ ಆದಾಯ ತೆರಿಗೆ ಕಾಯಿದೆಯ 80ಡಿ ವಿಧಿಯು ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ವಿಮಾ ಕಂತಿನ ಮೇಲೆ ವಿನಾಯಿತಿ ನೀಡಿತು. ಆರೋಗ್ಯ ವಿಮೆಯೇ ಇಲ್ಲದ, 60 ವರ್ಷ ಮೀರಿದವರ ವೈದ್ಯಕೀಯ ವೆಚ್ಚಕ್ಕೂ 50,000 ರೂಪಾಯಿಯವರೆಗೆ ಇದೇ ವಿಧಿ ಅನ್ವಯಿಸುತ್ತಿತ್ತು. ಆದರೆ ಹಣವನ್ನು ನಗದಾಗಿ ಕೊಟ್ಟಿರಬಾರದು ಎಂಬ ಷರತ್ತಿನಿಂದ, ಬೀದಿಯ ಔಷಧದಂಗಡಿಯಲ್ಲಿ ನೋಟು ಕೊಟ್ಟು ಗುಳಿಗೆ ಕೊಳ್ಳುವ ವೃದ್ಧರಿಗೆ ಇದು ದಕ್ಕುತ್ತಿರಲಿಲ್ಲ.