ಹೆಂಗಸರ ಹೃದ್ರೋಗ: ಎರಡು ದೇಶಗಳ ಅನುಭವ



ಎದೆಬೇನೆಯು ಗಂಡಸರ ರೋಗವೆಂದು ನಮ್ಮಲ್ಲಿ ಹಲವರ ನಂಬಿಕೆ. ಇದು ಸರಿಯಲ್ಲ. ಪ್ರಪಂಚದಲ್ಲಿ ಹೆಂಗಸರ ಮರಣಕ್ಕೂ ಹೃದಯ ಮತ್ತು ರಕ್ತನಾಳಗಳ ರೋಗಗಳೇ ಮೊದಲನೆಯ ಕಾರಣ. ಆದರೆ ಇವುಗಳ ಹಾವಳಿ ಎಲ್ಲ ದೇಶಗಳಲ್ಲಿ ಒಂದೇ ಸಮನಾಗಿಲ್ಲ. ಏಕೆಂಬುದನ್ನು ಎರಡು ದೇಶಗಳನ್ನು ಹೋಲಿಸಿ ತಿಳಿಯೋಣ.

ಫಿನ್ಲೆಂಡ್: ಈ ದೇಶದ ಪೂರ್ವಭಾಗದಲ್ಲಿ ಹೈನುಗಾರಿಕೆ ಹೆಚ್ಚು. ಜನರು ಬೆಣ್ಣೆ, ಕೆನೆಹಾಲು, ಉಪ್ಪುಗಳನ್ನು ಧಾರಾಳವಾಗಿ ಬಳಸುತ್ತಿದ್ದರು, ತರಕಾರಿ ಕಡಿಮೆ. ಇಂಥ ಜಿಡ್ಡಿನಿಂದ ರಕ್ತದಲ್ಲಿ ಕೊಲೆಸ್ಟರಾಲ್ ಏರಿ, ರಕ್ತನಾಳದ ಒಳಗೋಡೆಗೆ ಕಟ್ಟಿಕೊಳ್ಳುತ್ತದೆ. ಹೂಳು ತುಂಬಿದ ಕಾಲುವೆಯಲ್ಲಿ ನೀರು ಸಾಗದಂತೆ, ಹೃದಯಕ್ಕೆ ರಕ್ತ ಸಾಗುವುದಿಲ್ಲ. 1972ರಲ್ಲಿ ಅಲ್ಲಿನ ಉತ್ತರ ಕರೇಲಿಯಾ ಪ್ರಾಂತದಲ್ಲಿ ಇದನ್ನು ತಡೆಯುವ ಯೋಜನೆ ಆರಂಭವಾಯಿತು. ಗೃಹಿಣಿಯರ ಸಂಘದವರು ಹಳ್ಳಿಗಳಲ್ಲಿ ಹಿತಮಿತವಾದ ಅಡುಗೆಯನ್ನು ಮಾಡಿ ತೋರಿಸಿದರು. 1992ರ ಹೊತ್ತಿಗೆ ಪೂರ್ವ ಫಿನ್ಲೆಂಡಿನ ಹೆಂಗಸರ ಕೊಲೆಸ್ಟರಾಲ್ ಶೇಕಡ 18ರಷ್ಟು ಇಳಿದಿತ್ತು. ರಕ್ತದ ಒತ್ತಡವೂ ತಗ್ಗಿತ್ತು. 35ರಿಂದ 64 ವರ್ಷದ ಹೆಂಗಸರಲ್ಲಿ ಈ ಹೃದ್ರೋಗದ ಮರಣ ಶೇಕಡ 68ರಷ್ಟು ಕಡಿಮೆಯಾಯಿತು; ಗಂಡಸರಲ್ಲಿ ಶೇಕಡ 55ರಷ್ಟು. ಒಂದು ಮಾತ್ರ ಕೆಟ್ಟಿತು: ಸಿಗರೇಟು ಸೇದುವ ಹೆಂಗಸರು ನೂರಕ್ಕೆ 11 ಇದ್ದವರು 20 ಆದರು.

ಜಪಾನ್: ಇಲ್ಲಿ ಅನ್ನ, ಮೀನು, ಸೋಯಾ ಅವರೆ ಮುಖ್ಯ ಆಹಾರ, ಬೆಣ್ಣೆಯ ಬಳಕೆ ಅಲ್ಪ. ಹೃದಯಾಘಾತದಿಂದ ಸಾಯುವ ಹೆಂಗಸರು ಬಹಳ ಕಡಿಮೆ. ಆದರೆ ಉಪ್ಪಿನಕಾಯಿ, ಉಪ್ಪುಸಾರುಗಳಿಂದ ರಕ್ತದ ಒತ್ತಡ ಏರಿ, ಮಿದುಳಿನ ರಕ್ತನಾಳಗಳು ಕೆಡುತ್ತಿದ್ದವು. 1951ರಿಂದ 1980ರವರೆಗೆ ಲಕ್ವವೇ ಆ ದೇಶದ ಮರಣಕ್ಕೆ ಮೊದಲ ಕಾರಣವಾಗಿತ್ತು. ಉಪ್ಪು ತಗ್ಗಿಸಿ, ಒತ್ತಡಕ್ಕೆ ಚಿಕಿತ್ಸೆ ಕೊಟ್ಟ ಮೇಲೆ ಅದು ಬಹಳ ಇಳಿಯಿತು.

ಇದರಿಂದ ತಿಳಿಯುವುದೇನು? ಈ ಮರಣಗಳು ಹಣೆಬರಹವಲ್ಲ. ಒಂದೇ ತಲೆಮಾರಿನಲ್ಲಿ ಇವನ್ನು ತಗ್ಗಿಸಬಹುದು. ಆದ್ದರಿಂದ ನಿಮ್ಮ ಮನೆಯಲ್ಲಿ ಹೀಗೆ ಮಾಡಿರಿ:

1. ಮೂವತ್ತು ದಾಟಿದ ಹೆಂಗಸರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದ ಒತ್ತಡ, ಸಕ್ಕರೆ ಪರೀಕ್ಷೆ ಮಾಡಿಸಿರಿ.

2. ಒಬ್ಬರಿಗೆ ದಿನಕ್ಕೆ 5 ಗ್ರಾಂ ಉಪ್ಪು ಸಾಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ಉಪ್ಪೂ ಈ ಲೆಕ್ಕಕ್ಕೆ ಸೇರಿತು.

3. ಎಲೆ ಅಡಿಕೆಯೊಡನೆ ಹೊಗೆಸೊಪ್ಪು ಹಾಕುವುದನ್ನು ಬಿಡಿಸಿರಿ.

4. ಎದೆನೋವು, ಏದುಸಿರು, ದವಡೆ ಅಥವಾ ಬೆನ್ನಿನ ನೋವು, ವಾಂತಿ, ತಣ್ಣನೆಯ ಬೆವರು ಒಮ್ಮೆಲೇ ಕಂಡರೆ, ವಾಯುವೆಂದು ಕಷಾಯ ಕುಡಿಸಿ ಕೂರಬೇಡಿರಿ. 108ಕ್ಕೆ ಕರೆಮಾಡಿ ಕೂಡಲೇ ಆಸ್ಪತ್ರೆಗೆ ಸೇರಿಸಿರಿ.

ಹಸು ಮೇವು ಬಿಟ್ಟರೆ ಅಂದೇ ವೈದ್ಯರನ್ನು ಕರೆಸುತ್ತೀರಿ. ಮನೆಯಾಕೆ ಸುಸ್ತೆಂದಾಗಲೂ ಅಷ್ಟೇ ಬೇಗ ಎಚ್ಚರಗೊಳ್ಳಿರಿ.