ಏತ ನೀರಾವರಿಯ ದೊಡ್ಡ ಪಂಪುಗಳ ಪೂರ್ಣ ದುರಸ್ತಿ

ಕೃಷ್ಣಾ, ಘಟಪ್ರಭಾ ನದಿಗಳ ದಂಡೆಯಲ್ಲಿ ಹಲವು ರೈತರು ಕೂಡಿ ದೊಡ್ಡ ಪಂಪುಗಳನ್ನಿಟ್ಟು ಕಬ್ಬಿಗೆ ನೀರೆತ್ತುವುದುಂಟು. ಇಂಥ ಪಂಪು ಏಪ್ರಿಲ್-ಮೇ ತಿಂಗಳಲ್ಲಿ ಕೆಟ್ಟು ನಿಂತರೆ ಪಾಲುದಾರರೆಲ್ಲರ ಬೆಳೆಯೂ ಬಾಡುತ್ತದೆ. ಆದುದರಿಂದ ಕೆಡುವವರೆಗೆ ಕಾಯದೆ, ಮಳೆಗಾಲದಲ್ಲಿ ಪಂಪು ನಿಂತಿರುವಾಗಲೇ ಬಿಚ್ಚಿಸಿ ದುರಸ್ತಿ ಮಾಡಿಸುವುದು ಲಾಭದಾಯಕ.

ಬಿಚ್ಚುವ ಮೊದಲು

ನೀರು ಕಡಿಮೆಯಾದೊಡನೆ ಪಂಪೇ ಸವೆದಿದೆ ಎಂದು ತಿಳಿಯಬಾರದು. ಫುಟ್‌ವಾಲ್ವಿನ ಜಾಲರಿಗೆ ಕಸ ಕಟ್ಟಿದ್ದರೂ, ಹೀರು ಕೊಳವೆಯ ಜೋಡಣೆಯಲ್ಲಿ ಗಾಳಿ ಸೇರುತ್ತಿದ್ದರೂ ನೀರು ಇಳಿಯುತ್ತದೆ. ಪಂಪಿನೊಳಗೆ ಹರಳು ಹೊರಳಿದಂತೆ ಸದ್ದಾದರೆ ನೀರು ಸಾಕಷ್ಟು ಒಳಬರುತ್ತಿಲ್ಲವೆಂದೇ ಅರ್ಥ. ಹೀಗೆಯೇ ನಡೆಸಿದರೆ ಇಂಪೆಲ್ಲರ್ (ನೀರು ತಳ್ಳುವ ಚಕ್ರ) ಕುಳಿಬಿದ್ದು ಹಾಳಾಗುತ್ತದೆ. ನದಿ ಇಳಿದಾಗಲೂ ನೀರಿನ ಮಟ್ಟದಿಂದ ಪಂಪಿನ ಎತ್ತರ ಸಾಧಾರಣವಾಗಿ 6 ಮೀಟರ್ ಮೀರದಂತೆ ನೋಡಿಕೊಳ್ಳಬೇಕು.

ಕೆಲಸ ಆರಂಭಿಸುವಾಗ ಫ್ಯೂಸು ತೆಗೆದು, ಸ್ವಿಚ್ಚಿಗೆ ಬೀಗ ಹಾಕಿ, ಬೀಗದ ಕೈಯನ್ನು ಕೆಲಸಗಾರನೇ ಇಟ್ಟುಕೊಳ್ಳತಕ್ಕದ್ದು. ಪ್ರತಿ ಭಾಗಕ್ಕೂ ಗುರುತು ಹಾಕಿ ಬಿಚ್ಚಬೇಕು. ಭಾರವಾದ ಭಾಗಗಳನ್ನು ಚೈನ್ ಬ್ಲಾಕಿನಿಂದಲೇ ಎತ್ತಬೇಕು.

ಕಣ್ಣಿಗೆ ಕಾಣದ ಸೋರಿಕೆ

ಇಂಪೆಲ್ಲರ್ ಮತ್ತು ಕೇಸಿಂಗಿನ ನಡುವೆ ವೇರ್ ರಿಂಗ್ ಎಂಬ ಸವೆತದ ಉಂಗುರವಿರುತ್ತದೆ. ಹೊಸದರಲ್ಲಿ ಇಲ್ಲಿನ ಸಂದು ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಹೊಳೆಯ ನೀರಿನ ಮರಳು ಉಜ್ಜಿ ಉಜ್ಜಿ ಈ ಸಂದು ಅಗಲವಾಗುತ್ತದೆ. ಆಗ ಒತ್ತಡ ಪಡೆದ ನೀರಿನ ಒಂದು ಭಾಗ ಮೇಲೇರದೆ ಹೀರುವ ಕಡೆಗೇ ಮರಳುತ್ತದೆ. ಹೊರಗೆ ಒಂದು ಹನಿಯೂ ಕಾಣದು. ಆದರೆ ಅದೇ ನೀರನ್ನು ಮತ್ತೆ ಮತ್ತೆ ತಳ್ಳಲು ವಿದ್ಯುತ್ ವ್ಯಯವಾಗುತ್ತದೆ. 50 ಅಶ್ವಶಕ್ತಿ ಎಂದರೆ ಸುಮಾರು 37 ಕಿಲೋವಾಟ್. ಪೂರ್ಣ ಹೊರೆಯಲ್ಲಿ ದಿನಕ್ಕೆ 10 ಗಂಟೆ ನಡೆದರೆ 370 ಯೂನಿಟ್. ಅದರ ಹತ್ತನೇ ಒಂದು ಪಾಲು ಈ ಸಂದಿನಲ್ಲಿ ಹೋದರೂ ದಿನಕ್ಕೆ 37 ಯೂನಿಟ್ ವ್ಯರ್ಥ.

ಫೀಲರ್ ಗೇಜಿನಿಂದ ಸಂದನ್ನು ಅಳೆದು, ತಯಾರಕರ ಕೈಪಿಡಿಯ ಅಳತೆಗಿಂತ ಎರಡರಷ್ಟಾಗಿದ್ದರೆ ಉಂಗುರ ಬದಲಿಸಬೇಕು. ಹೆಚ್ಚು ಅಶ್ವಶಕ್ತಿಯ ಮೋಟಾರು ಕೂಡಿಸುವುದರಿಂದ ಈ ನಷ್ಟ ತಪ್ಪದು.

ಬೇರಿಂಗು ಮತ್ತು ಪ್ಯಾಕಿಂಗ್

ಷಾಫ್ಟ್ ಬಾಗಿದೆಯೇ ಎಂದು ಲೇತಿನಲ್ಲಿಟ್ಟು ಡಯಲ್ ಗೇಜಿನಿಂದ ನೋಡಬೇಕು. ಬಾಗಿದ ಷಾಫ್ಟಿಗೆ ಹೊಸ ಬೇರಿಂಗು ಹಾಕಿದರೆ ಅದೂ ಬೇಗ ಕೆಡುತ್ತದೆ. ಬೇರಿಂಗನ್ನು ಸುತ್ತಿಗೆಯಿಂದ ಹೊಡೆದು ಕೂರಿಸಬಾರದು. ಎಣ್ಣೆಯಲ್ಲಿ 80ರಿಂದ 100 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ತಾನಾಗಿ ಸರಿಯುತ್ತದೆ. ಗೂಡಿನ ಅರ್ಧಕ್ಕಿಂತ ಹೆಚ್ಚು ಗ್ರೀಸು ತುಂಬಿದರೆ ಬೇರಿಂಗು ಬಿಸಿಯಾಗುತ್ತದೆ.

ಗ್ಲ್ಯಾಂಡಿನ ಹಳೆಯ ಪ್ಯಾಕಿಂಗನ್ನು ಪೂರ್ತಿ ತೆಗೆದು ಹೊಸದನ್ನು ಉಂಗುರಗಳಾಗಿ ಕತ್ತರಿಸಿ, ಒಂದರ ಸಂದು ಇನ್ನೊಂದರ ಮೇಲೆ ಬಾರದಂತೆ ಕೂರಿಸಬೇಕು. ಕಲ್ನಾರಿನ ಹಗ್ಗದ ಬದಲು ಕಲ್ನಾರಿಲ್ಲದ ಗ್ರಾಫೈಟ್ ಪ್ಯಾಕಿಂಗ್ ಬಳಸುವುದು ಆರೋಗ್ಯಕ್ಕೆ ಕ್ಷೇಮ. ಗ್ಲ್ಯಾಂಡಿನಿಂದ ಹನಿ ಹನಿಯಾಗಿ ನೀರು ತೊಟ್ಟಿಕ್ಕುತ್ತಿರಬೇಕು. ಹನಿ ನಿಲ್ಲುವಂತೆ ಬಿಗಿದರೆ ಪ್ಯಾಕಿಂಗ್ ಸುಟ್ಟು ಷಾಫ್ಟಿನ ಸ್ಲೀವು ಸವೆಯುತ್ತದೆ.

ಜೋಡಿಸಿದ ಮೇಲೆ

ಎರಡು ಹೋಳಾಗಿ ಬಿಚ್ಚುವ ಕೇಸಿಂಗಿಗೆ ಮೊದಲಿದ್ದಷ್ಟೇ ದಪ್ಪದ ಗ್ಯಾಸ್ಕೆಟ್ ಹಾಕಬೇಕು. ದಪ್ಪ ಹೆಚ್ಚಾದರೆ ವೇರ್ ರಿಂಗ್ ಸಡಿಲವಾಗುತ್ತದೆ. ಅನಂತರ ಈ ಕ್ರಮ ಅನುಸರಿಸಬೇಕು:

1. ಕಪ್ಲಿಂಗ್ ಜೋಡಿಸದೆಯೇ ಮೋಟಾರನ್ನು ಕ್ಷಣಕಾಲ ನಡೆಸಿ, ತಿರುಗುವ ದಿಕ್ಕು ಸರಿಯಿದೆಯೇ ಎಂದು ನೋಡುವುದು.
2. ಕಪ್ಲಿಂಗಿನ ಎರಡು ಭಾಗಗಳು ಒಂದೇ ನೇರದಲ್ಲಿವೆಯೇ ಎಂದು ಸುತ್ತಲೂ ನಾಲ್ಕು ಕಡೆ ಅಳೆಯುವುದು. ಕೊಳವೆಗಳನ್ನು ಬಿಗಿದ ನಂತರ ಇನ್ನೊಮ್ಮೆ ಅಳೆಯುವುದು.
3. ಪಂಪಿಗೆ ನೀರು ತುಂಬಿ ಗಾಳಿ ಹೊರಹಾಕುವುದು.
4. ಹೊರವಾಲ್ವನ್ನು ಮುಚ್ಚಿ ಪಂಪು ಚಾಲೂ ಮಾಡಿ, ವೇಗ ಬಂದೊಡನೆ ನಿಧಾನವಾಗಿ ತೆರೆಯುವುದು.

ಪಂಪು ಮನೆಯಲ್ಲಿ ಒಂದು ದಾಖಲೆ ಪುಸ್ತಕವಿರಲಿ. ದುರಸ್ತಿಯಾದ ದಿನದ ಆಂಪಿಯರ್, ಒತ್ತಡ ಮಾಪಕದ ಅಂಕಿ, ತೊಟ್ಟಿ ತುಂಬಲು ಹಿಡಿದ ವೇಳೆ ಇವನ್ನು ಬರೆದಿಟ್ಟು, ತಿಂಗಳಿಗೊಮ್ಮೆ ಹೋಲಿಸಿ ನೋಡಬೇಕು. ತೊಟ್ಟಿ ತುಂಬುವ ವೇಳೆ ಹೆಚ್ಚುತ್ತ ಬಂದರೆ, ಮುಂದಿನ ಮಳೆಗಾಲಕ್ಕೆ ಬೇಕಾಗುವ ಬಿಡಿಭಾಗಗಳನ್ನು ಈಗಲೇ ತರಿಸಿಡಬಹುದು.